ಎರವಲು ಮೊಳೆ

"ಯಾರಪ್ಪಣೆ ತಗೊಂಡು ಗೇಟು ತೆಗೆದಿರಿ?"

ಗುಜರಿ ಲಾರಿಯ ಚಾಲಕ ಸಿಗರೇಟನ್ನು ಬಾಯಿಂದ ತೆಗೆದ. ಎದುರಿಗೆ ನಿಂತ ಹೆಂಗಸಿನ ಕಾಲಲ್ಲಿ ಗಂಡಸಿನ ಚಪ್ಪಲಿ ಇತ್ತು, ಅದೂ ಎರಡು ಅಳತೆ ದೊಡ್ಡದು. ನಗಬೇಕೋ ಹೆದರಬೇಕೋ ಅವನಿಗೆ ತಿಳಿಯಲಿಲ್ಲ.

ಗಂಡನ ಸಂಸ್ಕಾರ ಮುಗಿದು, ಕೊನೆಯ ನೆಂಟರೂ ಹಿಂದಿನ ಸಂಜೆ ಗಂಟುಮೂಟೆ ಕಟ್ಟಿದ್ದರು. ಇವತ್ತಿನದು ಮೊದಲ ಮಾಮೂಲಿ ಬೆಳಗ್ಗೆ. ನೀರು ಬರುವ ಹೊತ್ತಿಗೆ ನೀರು ಬಂದಿತ್ತು, ಹಾಲು ಬರುವ ಹೊತ್ತಿಗೆ ಹಾಲು. ಜನರ ಗದ್ದಲದಲ್ಲಿ ಅವಳ ಚಪ್ಪಲಿ ಯಾರ ಕಾಲಿನ ಪಾಲಾಗಿತ್ತೋ, ಬಾಗಿಲ ಬಳಿ ಉಳಿದದ್ದು ಗಂಡನ ಒಂದು ಜೊತೆ ಮಾತ್ರ. ಅದನ್ನೇ ಮೆಟ್ಟಿಕೊಂಡು ಹಾಲು ತರಲು ಬಂದವಳು ಲಾರಿಯನ್ನು ಕಂಡಿದ್ದಳು.

"ನಾನೇ ಹೇಳಿ ಕರೆಸಿದ್ದು." ಭಾವ ಲಾರಿಯ ಹಿಂದಿನಿಂದ ಬಂದ. ಗಂಡನ ಅಣ್ಣ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. "ನಿನಗ್ಯಾಕಮ್ಮಾ ಈ ರಗಳೆ? ಒಳಗೆ ಹೋಗು. ಆ ಗಾಡಿ ಕಣ್ಣೆದುರಿಗೆ ಇದ್ದಷ್ಟು ದಿನ ಅಮ್ಮನಿಗೂ ಸಂಕಟ, ನಿನಗೂ ಸಂಕಟ."

"ನನ್ನ ಸಂಕಟ ಅಳೆಯೋಕೆ ನಿಮ್ಮನ್ನ ಕರೆದಿರಲಿಲ್ಲ ಭಾವ."

ಭಾವನ ಮುಖ ಗಂಟಿಕ್ಕಿತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಅವನಿಗೆ ಎದುರಾಡಿದವಳಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವಳು, ಮನೆಯಲ್ಲಿ ಮಾತು ಕಡಿಮೆ.

"ನೋಡಮ್ಮಾ, ಅದು ಅಪ್ಪನ ಕಾಲದ ಗಾಡಿ. ನನಗೂ ಹಕ್ಕಿದೆ. ನಾನು ಆ ಶೆಡ್ಡಿಗೆ ಕಾಲಿಟ್ಟು ವರ್ಷವೇ ಆಯ್ತು, ನೆನೆಸ್ಕೊಂಡ್ರೇ ಮೈ ಉರಿಯುತ್ತೆ. ಎಷ್ಟು ಸಲ ಬಡ್ಕೊಂಡೆ, ಹಳೇ ಪಿಕಪ್ಪು, ಗೊಂಬೆ ಹಾಗೆ ಬಿಚ್ಚಿ ಜೋಡಿಸಿ ಆಟ ಆಡಬೇಡ ಅಂತ. ಕೇಳಿದನಾ? ಸಾವನ್ನ ಕೈಯಾರೆ ತಂದುಕೊಂಡ. ಪೊಲೀಸರೂ ಅದನ್ನೇ ಹೇಳಿದ್ದಾರಲ್ಲ."

ಹೇಳಿದ್ದು ಪೊಲೀಸರಲ್ಲ. ಅಪಘಾತವಾದ ಗಾಡಿಯನ್ನು ನೋಡಿ ಅಭಿಪ್ರಾಯ ಕೊಡಿ ಎಂದು ಅವರು ಊರಿನ ಹಳೆಯ ಗ್ಯಾರೇಜಿನವನನ್ನು ಕೇಳಿದ್ದರು. ಅವನು ಬರೆದುಕೊಟ್ಟದ್ದು ನಾಲ್ಕು ಸಾಲು. ಹಿಂದಿನ ಎಡ ಚಕ್ರದ ತಿರುಪು ಸಡಿಲ. ಬ್ರೇಕ್ ಆಯಿಲ್ ಪೂರ್ತಿ ಸೋರಿಹೋಗಿದೆ. ಜೋಡಿಸಿದವನ ಅಜಾಗರೂಕತೆ. ಮಾರನೇ ದಿನವೇ ಪೊಲೀಸರು ಗಾಡಿಯನ್ನು ಮನೆಗೆ ಕಳಿಸಿ ಕೈತೊಳೆದುಕೊಂಡಿದ್ದರು.

ಅಜಾಗರೂಕತೆ. ಆ ಪದ ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅನ್ನ ಇಳಿದರೂ ಅದು ಇಳಿದಿರಲಿಲ್ಲ.

"ಗಾಡಿ ಎಲ್ಲಿಗೂ ಹೋಗಲ್ಲ" ಅಂದಳು. ಶೆಡ್ಡಿನ ಬೀಗದ ಕೀಲಿ ಅವಳ ಸೊಂಟದಲ್ಲಿತ್ತು. "ಹೋಗಲೇಬೇಕು ಅಂದ್ರೆ ನನ್ನನ್ನೂ ಸೇರಿಸಿ ತೂಕ ಹಾಕಿಸಿ."

ಚಾಲಕ ಸಿಗರೇಟನ್ನು ಕೆಳಗೆ ಹಾಕಿ ತುಳಿದ. ಅಷ್ಟರಲ್ಲಿ ಜಗಲಿಯ ಮೇಲಿಂದ ಅತ್ತೆಯ ಧ್ವನಿ ಬಂತು.

"ಆ ಸುಡುಗಾಡು ಗಾಡಿ ನನ್ನ ಮಗನ್ನ ತಿಂದು ಹಾಕ್ತು. ಅದನ್ನ ಮನೇಲಿಟ್ಟು ಏನು ಮಾಡ್ತೀಯೇ?"

"ಹೇಗೆ ತಿಂತು ಅಂತ ನೋಡ್ತೀನಿ ಅತ್ತೆ."

ಅತ್ತೆ ಸೊಸೆಯ ಕಾಲಿನ ಚಪ್ಪಲಿ ನೋಡಿದಳು. ಆಮೇಲೆ ಹಿರಿಮಗನ ಕಡೆ ತಿರುಗಿ, "ನಾಳೆ ಬರೋಕೆ ಹೇಳೋ" ಅಂದಳು. "ಒಂದಿನದಲ್ಲಿ ಅದೇನು ಓಡಿಹೋಗಲ್ಲ."

"ಆಯ್ತಮ್ಮ, ನಿನ್ನಿಷ್ಟ. ಮಧ್ಯಾಹ್ನ ಊಟಕ್ಕೆ ಬರ್ತೀನಿ, ಆಗ ಮಾತಾಡೋಣ." ಭಾವ ಲಾರಿಯನ್ನು ಹಿಂದಕ್ಕೆ ಕಳಿಸಿದ. ಹೋಗುವಾಗ ಶೆಡ್ಡಿನ ಬೀಗವನ್ನೊಮ್ಮೆ ನೋಡಿ ಹೋದ.

ಗೇಟು ಮುಚ್ಚುವ ಮೊದಲೇ ಬೀದಿಯ ತಿರುವಿನ ಹೊಲಿಗೆಯಮ್ಮ ಬಂದಳು. ಕೈಯಲ್ಲಿ ಮಡಿಸಿದ ಪ್ಯಾಂಟು.

"ನಿಮ್ಮ ಯಜಮಾನ್ರು ಉದ್ದ ಮೋಟು ಮಾಡೋಕೆ ಕೊಟ್ಟಿದ್ರು ಟೀಚರಮ್ಮ. ಮಾಡಿಬಿಟ್ಟಿದ್ದೆ. ಏನು ಮಾಡ್ಲಿ ಅಂತ ತಿಳೀಲಿಲ್ಲ."

ಅವಳು ಪ್ಯಾಂಟನ್ನು ಇಸಿದುಕೊಂಡಳು. ಅಂಚಿನ ಹೊಲಿಗೆ ನೀಟಾಗಿತ್ತು. ಏನಾದರೂ ಹೇಳಬೇಕೆನ್ನಿಸಿ, "ಚೆನ್ನಾಗಿದೆ ಅಕ್ಕ" ಅಂದಳು.

"ಪೊಲೀಸರು ಏನಂದ್ರು?"

"ಬ್ರೇಕ್ ಆಯಿಲ್ ಸೋರಿತ್ತಂತೆ. ಬ್ರೇಕೇ ಹಿಡೀಲಿಲ್ಲವಂತೆ."

"ಹಿಡೀಲಿಲ್ವಾ?" ಹೊಲಿಗೆಯಮ್ಮ ಕೈಯನ್ನು ಗಲ್ಲಕ್ಕಿಟ್ಟಳು. "ಹಿಂದುಗಡೆ ಕೆಂಪು ದೀಪ ಉರೀತಾನೇ ಇತ್ತಲ್ಲ? ನನ್ನ ಮಿಷನ್ನು ಕಿಟಕಿ ಪಕ್ಕಾನೇ ಇರೋದು. ನನ್ನ ಅಂಗಡಿ ಮುಂದಿನ ಏರು ಹತ್ತೋವಾಗಲೂ ಉರೀತಿತ್ತು. ಏರು ಹತ್ತುವಾಗ ಯಾವ ಮಹರಾಯ ಬ್ರೇಕ್ ಒತ್ತುತ್ತಾನೆ, ದೀಪ ಕೆಟ್ಟಿದೆ ಅಂದ್ಕೊಂಡೆ. ಆ ಕಡೆ ಇಳಿಜಾರಿಗೆ ಇಳಿದ್ರು, ಅಷ್ಟೇ. ಸದ್ದು ಕೇಳಿಸ್ತು."

"ಇದನ್ನ ಪೊಲೀಸರಿಗೆ ಹೇಳಿದಿರಾ?"

"ನನ್ನನ್ನ ಯಾರು ಕೇಳಿದ್ರು? ಕೇಳಿದ್ದಿದ್ರೆ ಹೇಳ್ತಿದ್ದೆ."

ಪ್ಯಾಂಟು ಅವಳ ತೋಳಿನ ಮೇಲೆ ಹಾಗೇ ಇತ್ತು. ಅವಳು ಅದನ್ನು ಮರೆತೇಬಿಟ್ಟಿದ್ದಳು.

ಈಗಿನ ಗಾಡಿಗಳಲ್ಲಿ ಹಿಂದಿನ ದೀಪಕ್ಕೆ ಸ್ವಿಚ್ಚು ಪೆಡಲಿನ ಬುಡದಲ್ಲಿರುತ್ತದೆ. ಮಾವನ ಕಾಲದ ಈ ಪಿಕಪ್ಪಿನಲ್ಲಿ ಹಾಗಲ್ಲ. ಬ್ರೇಕ್ ಆಯಿಲಿನ ಒತ್ತಡವೇ ಸ್ವಿಚ್ಚನ್ನು ತಳ್ಳಬೇಕು, ಆಗ ದೀಪ. ಹೊಸ ಥರದ್ದು ಹಾಕಿಸಿ ಎಂದು ಅವಳು ಹೇಳಿದಾಗ ಗಂಡ ಒಪ್ಪಿರಲಿಲ್ಲ. "ಹಳೇ ಮನುಷ್ಯನಿಗೆ ಹೊಸ ಹಲ್ಲು ಕಟ್ಟಿಸಿದ ಹಾಗಾಗುತ್ತೆ ಕಣೇ" ಅಂದಿದ್ದ.

ಆಯಿಲ್ ಸೋರಿಹೋಗಿದ್ದರೆ ಒತ್ತಡ ಎಲ್ಲಿಂದ ಬಂತು? ದೀಪ ಹೇಗೆ ಉರಿಯಿತು?

ಅದಕ್ಕಿಂತ ಹೆಚ್ಚಾಗಿ, ಪೆಡಲಿನ ಮೇಲೆ ಕಾಲೇ ಇಲ್ಲದ ಏರಿನಲ್ಲಿ ಯಾಕೆ ಉರಿಯಿತು?

ಆ ದಿನ ಬೆಳಗ್ಗೆ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಾಯಿತು. "ಗಾಡಿ ಯಾಕೋ ಎರಡು ದಿನದಿಂದ ಹಿಡ್ಕೊಳ್ತಿದೆ. ಯಾರೋ ಹಿಂದಿನಿಂದ ಸೆರಗು ಜಗ್ಗಿದ ಹಾಗೆ."

"ನಿಮಗೆಲ್ಲಿಂದ ಬಂತು ಸೆರಗು?"

ಅವನು ನಕ್ಕಿದ್ದ. "ಒಂದು ಸುತ್ತು ಹೊಡೆದು ಬಂದು ನೋಡ್ತೀನಿ." ಅಷ್ಟೇ ಅವರಿಬ್ಬರ ಕೊನೆಯ ಮಾತು.

ಅವಳು ಸೊಂಟದಿಂದ ಕೀಲಿ ತೆಗೆದಳು.

ಶೆಡ್ಡಿನಲ್ಲಿ ಗ್ರೀಸು, ಬಣ್ಣ, ಹಳೇ ಚರ್ಮದ ಸೀಟು ಎಲ್ಲ ಕಲೆತ ವಾಸನೆ. ನಡುವೆ ಪಿಕಪ್ಪು. ಮೂತಿ ಜಜ್ಜಿ, ಮುಂದಿನ ಗಾಜು ಪುಡಿಯಾಗಿ, ಒಂದು ದೀಪ ತೂಗುಬಿದ್ದಿತ್ತು. ಆದರೆ ಬಾಗಿಲಿನಿಂದ ಹಿಂದಕ್ಕೆ ಅದು ಇನ್ನೂ ಅವನು ಬಳಿದ ಕಡುಹಸಿರು ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಗುಜರಿಗೆ ಹೋಗಬೇಕಾಗಿದ್ದ ತಗಡನ್ನು ಅವನು ವರ್ಷಗಟ್ಟಲೆ ಕೂತು ಗಾಡಿ ಮಾಡಿದ್ದ. ಹೋಟೆಲಿನವನೊಬ್ಬ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸುತ್ತೇನೆಂದು ಕೇಳಿದ್ದ. ಭಾವ ತಮ್ಮನನ್ನು ಕೇಳದೆಯೇ ಹೂಂ ಅಂದು ಮಾತು ಕೊಟ್ಟಿದ್ದ. "ಓಡೋ ಗಾಡಿ ನಿಲ್ಲಿಸೋಕೆ ಕೊಡಲ್ಲ" ಎಂದು ಗಂಡ ಅವರಿಬ್ಬರನ್ನೂ ಗೇಟಿನಿಂದಲೇ ವಾಪಸ್ ಕಳಿಸಿದ್ದ.

ಬಾಗಿಲ ಪಕ್ಕದ ಗೋಡೆಯಲ್ಲಿ ಒಂಟಿ ಮೊಳೆ. ಅದಕ್ಕೆ ಅವನೇ ಇಟ್ಟ ಹೆಸರು ಎರವಲು ಮೊಳೆ. ಬೇರೆಯವರಿಂದ ತಂದ ಸಾಮಾನು ಏನೇ ಇರಲಿ, ಸಣ್ಣದಾದರೆ ಅದಕ್ಕೆ ನೇತುಹಾಕಬೇಕು, ದೊಡ್ಡದಾದರೆ ಅದರ ಕೆಳಗೆ ಇಡಬೇಕು. ಹೊರಗೆ ಹೋಗುವಾಗ ಕಣ್ಣಿಗೆ ಹೊಡೆಯಬೇಕು, ಕೊಡದೆ ಉಳಿಯಬಾರದು. ಕೆಲಸದ ಮಧ್ಯೆ ಐದು ನಿಮಿಷ ಕೆಳಗಿಟ್ಟರೂ ಅಲ್ಲೇ ಇಡುತ್ತಿದ್ದ. ಅವಳು ತವರಿನಿಂದ ತಂದ ಕೊಡೆಯನ್ನೂ ಒಂದು ಸಲ ಅಲ್ಲಿ ನೇತುಹಾಕಿ ಬೈಸಿಕೊಂಡಿದ್ದ.

ಈಗ ಮೊಳೆಯಲ್ಲಿ ಒಂದು ಸಣ್ಣ ಸ್ಪ್ಯಾನರ್ ಮಾತ್ರ ತೂಗುತ್ತಿತ್ತು. ಇಂಚಿನ ಅಳತೆಯದು. ಹಳೇ ಗಾಡಿಯ ಬ್ರೇಕಿನ ತಿರುಪಿಗೆ ಅದೇ ಆಗಬೇಕು, ಊರಲ್ಲಿ ಅದು ಇದ್ದದ್ದು ಒಬ್ಬನ ಹತ್ತಿರ. ಗ್ಯಾರೇಜಿನ ಸೋಡಾಬುಡ್ಡಿ. ದಪ್ಪ ಕನ್ನಡಕದವನಿಗೆ ಗಂಡ ಇಟ್ಟ ಹೆಸರು. ಗಂಡನ ಗೆಳೆಯ. ಅಜಾಗರೂಕತೆ ಎಂದು ಬರೆದುಕೊಟ್ಟವನೂ ಅವನೇ.

ಅವಳು ನೆಲದ ಮೇಲೆ ಗೋಣಿಚೀಲ ಹಾಸಿ ಹಿಂದಿನ ಎಡ ಚಕ್ರದ ಒಳಗೆ ಟಾರ್ಚು ಬಿಟ್ಟಳು.

ಚಕ್ರದ ಹಿಂಬದಿಯಲ್ಲಿ ಬೆರಳ ತುದಿಯಷ್ಟು ತಿರುಪು ಇರುತ್ತದೆ. ಪೈಪಿನಲ್ಲಿ ಗಾಳಿ ಸೇರಿದರೆ ಅದನ್ನು ಸಡಿಲಿಸಿ ಗಾಳಿ ಬಿಡಬೇಕು. ಇಬ್ಬರು ಬೇಕಾದ ಕೆಲಸ. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ತಿರುಪು ಬಿಡಬೇಕು. ನಾಲ್ಕು ಚಕ್ರಕ್ಕೂ ಪೆಡಲ್ ಒತ್ತಿದ್ದು ಅವಳೇ. ಕೊನೆಯಲ್ಲಿ ಅವನು ಪ್ರತಿ ತಿರುಪನ್ನೂ ಬಿಗಿದು, ತಿರುಪಿನಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದಿದ್ದ. ಯಾವ ನಟ್ಟು ಬಿಗಿದರೂ ಅವನು ಹಾಗೆ ಗೆರೆ ಎಳೆಯುತ್ತಿದ್ದ. ತಿರುಪು ಒಂದು ಎಳ್ಳಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಎಡ ಚಕ್ರದ ಗೆರೆ ಮುರಿದಿರಲಿಲ್ಲ. ತಿರುಪಿನ ಸುತ್ತ ಒಣ ದೂಳು. ಒಂದು ತೊಟ್ಟು ಸೋರಿದ ಗುರುತಿಲ್ಲ.

ಸಡಿಲವಂತೆ!

ಮೈಗೆ ಏನೋ ಆಯಿತು. ಮರಗಟ್ಟಿದ ಕಾಲಿಗೆ ಮತ್ತೆ ರಕ್ತ ಹರಿಯುವಾಗ ಜುಮುಜುಮು ಚುಚ್ಚುತ್ತದಲ್ಲ, ಹಾಗೆ. ಇಷ್ಟು ದಿನ ಅಳು ಬಾರದೆ ಕಲ್ಲಿನ ಹಾಗೆ ಕೂತಿದ್ದವಳಿಗೆ ಈಗ ಬಂದದ್ದೂ ಅಳುವಲ್ಲ. ಸಿಟ್ಟು.

ಅವಳು ಗೆರೆಯ ಫೋಟೋ ತೆಗೆದಳು. ಆ ಚಕ್ರವನ್ನು ಮುಟ್ಟಲಿಲ್ಲ. ಬಲಬದಿಗೆ ಹೋಗಿ, ಗಂಡನ ತಿರುಪಿನ ಜ್ಯಾಕನ್ನು ಅಚ್ಚಿನ ಕೆಳಗಿಟ್ಟು ತಿರುಗಿಸತೊಡಗಿದಳು. ಎಣ್ಣೆಯ ಜ್ಯಾಕು ಬೇಗ ಎತ್ತುತ್ತದೆ, ಆದರೆ ಅವನಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಕೆಳಗೆ ಮಲಗುವವನು ನಾನು ತಾನೇ ಎನ್ನುತ್ತಿದ್ದ.

ಚಕ್ರ ನೆಲ ಬಿಟ್ಟಿತು. ಕೈಯಿಂದ ತಿರುಗಿಸಿದರೆ ಗೊಣಗುತ್ತಾ ತಿರುಗಿತು. ಈಗ ಮೇಲೆ ಒಬ್ಬರು ಬೇಕು.

"ಯಾರನ್ನ ಹುಡುಕ್ತಿದ್ದೀಯೇ?"

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ.

"ಪೆಡಲ್ ಒತ್ತೋಕೆ ಒಬ್ಬರು ಬೇಕಿತ್ತು ಅತ್ತೆ."

ಅತ್ತೆ ಸೀಟಿನ ಕಡೆ ನೋಡಿದಳು. ಹತ್ತಿರ ಹೋಗಿ ಬಾಗಿಲು ತೆರೆದು, ಸೀಟಿನ ಮೇಲಿದ್ದ ಗಾಜಿನ ಚೂರುಗಳನ್ನು ಕಾಗದದಿಂದ ಸರಿಸಿದಳು. ಆಮೇಲೆ ಸೆರಗಿನ ತುದಿಯಿಂದ ಅದೇ ಜಾಗವನ್ನು ಒರೆಸಿದಳು, ಮತ್ತೆ ಒರೆಸಿದಳು, ಮಗು ಮಲಗುವ ಹಾಸಿಗೆ ಒರೆಸುವ ಹಾಗೆ. ಏನೂ ಮಾತಾಡದೆ ಹತ್ತಿ ಕೂತಳು.

"ನಿಮ್ಮ ಮಾವ ಇದರಲ್ಲಿ ಎಷ್ಟು ವರ್ಷ ಕೂರಿಸ್ಕೊಂಡು ಹೋದ್ರು. ಒಂದಿನ ಈ ಕಡೆ ಸೀಟಿಗೆ ಬಿಡಲಿಲ್ಲ" ಅಂದಳು. "ಯಾವುದು ಒತ್ತಲಿ?"

"ನಡುವಿನದು. ನಾನು ಹೇಳಿದಾಗ."

ಅವಳು ಗೋಣಿಚೀಲದ ಮೇಲೆ ಮಲಗಿದಳು. "ಒತ್ತಿ."

"ಒತ್ತಿದೆ."

"ಹಿಡೀರಿ... ಈಗ ಬಿಡಿ. ಕಾಲು ಪೂರ್ತಿ ತೆಗೀರಿ."

"ತೆಗೆದೆ ಕಣೇ, ಗಾಳೀಲಿದೆ ನನ್ನ ಕಾಲು."

ಅವಳು ಚಕ್ರವನ್ನು ಹಿಡಿದು ತಿರುಗಿಸಿದಳು. ತಿರುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದಳು. ಬಂಡೆ. ಕಾಲು ತೆಗೆದು ಇಷ್ಟು ಹೊತ್ತಾದರೂ ಬ್ರೇಕು ಕಚ್ಚಿಕೊಂಡೇ ಇತ್ತು.

ಮೊಳೆಯಿಂದ ತಂದ ಸ್ಪ್ಯಾನರನ್ನು ತಿರುಪಿಗೆ ಹಾಕಿ ಅರ್ಧ ಸುತ್ತು ಬಿಟ್ಟಳು. ಚಿರ್ರನೆ ಆಯಿಲು ಚಿಮ್ಮಿ ಮುಂಗೈ ಮೇಲೆ ಬಿತ್ತು. ಅದೇ ಕ್ಷಣ ಚಕ್ರ ತಾನಾಗಿ ಸಡಿಲಗೊಂಡು ಅವಳ ಕೈಯಲ್ಲಿ ತಿರುಗಿತು.

"ಏನಾಯ್ತೇ?"

"ಬ್ರೇಕ್ ಹಿಡೀಲಿಲ್ಲ ಅನ್ನೋದು ಸುಳ್ಳು ಅತ್ತೆ. ಹಿಡಿದದ್ದು ಬಿಡಲಿಲ್ಲ."

ಒತ್ತಿದಾಗ ಮುಂದಕ್ಕೆ ಹೋದ ಆಯಿಲು ಕಾಲು ತೆಗೆದಾಗ ಹಿಂದಕ್ಕೆ ಬರಬೇಕು. ಅದು ಬರುತ್ತಿಲ್ಲ. ದಾರಿಯಲ್ಲೇನೋ ಅಡ್ಡ ಬಂದಿದೆ. ಹಾಗಾದರೆ ಬ್ರೇಕು ಏರಿನುದ್ದಕ್ಕೂ ಉಜ್ಜಿದೆ, ಕಾದಿದೆ, ಕೆಂಪು ದೀಪ ಉರಿದಿದೆ. ಕಾದು ಕಾದು ಪೈಪಿನೊಳಗಿನ ಆಯಿಲು ಕುದಿದಿದೆ. ಕುದಿದರೆ ಆವಿ. ಆವಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಅವನು ಇಳಿಜಾರಿಗೆ ತಿರುಗಿದಾಗ ಪೆಡಲು ಸರ್ರನೆ ನೆಲಕ್ಕೆ ಹೋಗಿರಬೇಕು. ಆಗ ಅವನಿಗೆ ಏನನ್ನಿಸಿತೋ. ಅವಳು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟು ಎದ್ದಳು.

ಅಡ್ಡ ಬಂದದ್ದು ಏನು? ಪೆಡಲಿನ ಒತ್ತನ್ನು ಆಯಿಲಿಗೆ ಮುಟ್ಟಿಸುವ ಕಡ್ಡಿಯನ್ನು ಅವನು ತೀರಾ ಬಿಗಿದಿದ್ದರೂ ಹೀಗಾಗಬಹುದು. ಹಾಗಾಗಿದ್ದರೆ ತಪ್ಪು ಅವನದೇ. ಬಗ್ಗಿ ಪೆಡಲನ್ನು ಕೈಯಿಂದ ಮೆಲ್ಲಗೆ ಅದುಮಿದಳು. ಬೆರಳಗಲ ಸುಮ್ಮನೆ ಇಳಿದು, ಆಮೇಲೆ ಕಡ್ಡಿ ತಾಗಿತು. ಎಷ್ಟು ಸಡಿಲ ಬೇಕೋ ಅಷ್ಟೇ ಬಿಟ್ಟಿದ್ದ.

ಉಳಿದದ್ದು ಆಯಿಲು ತುಂಬುವ ಜಾಗ. ಚಾಲಕನ ಕಾಲ ಕೆಳಗೆ, ನೆಲದ ತಗಡಿನಲ್ಲಿ ಒಂದು ದುಂಡು ಮುಚ್ಚಳ, ಅದನ್ನು ಸರಿಸಿದರೆ ಕೆಳಗೆ ಆಯಿಲಿನ ಬಟ್ಟಲು. ಅತ್ತೆ ಕಾಲು ಮೇಲಕ್ಕೆ ಎತ್ತಿಕೊಂಡಳು. ಸೊಸೆ ಟಾರ್ಚು ಬಿಟ್ಟಳು.

ಬಟ್ಟಲಿನ ಮುಚ್ಚಳದ ಮೇಲೂ ಹಳದಿ ಗೆರೆ ಇತ್ತು. ಅದು ಮುರಿದಿತ್ತು. ಮುಚ್ಚಳದ ಮೇಲಿನ ಅರ್ಧ ಒಂದು ಕಡೆ, ಕಬ್ಬಿಣದ ಮೇಲಿನ ಅರ್ಧ ಇನ್ನೊಂದು ಕಡೆ.

ಗಂಡ ತೆಗೆದಿದ್ದರೆ ಮತ್ತೆ ಗೆರೆ ಎಳೆಯದೆ ಬಿಡುತ್ತಿರಲಿಲ್ಲ.

ಅದನ್ನೂ ಫೋಟೋ ತೆಗೆದು ಮುಚ್ಚಳ ಬಿಚ್ಚಿದಳು. ಪೂರ್ತಿ ಸೋರಿಹೋಗಿದೆ ಎಂದಿದ್ದ ಆಯಿಲು ಮುಕ್ಕಾಲು ಬಟ್ಟಲು ಇತ್ತು. ಮುಚ್ಚಳದ ಒಳಗಿನ ರಬ್ಬರ್ ಬಳೆ ಉಬ್ಬಿ, ನೀರಲ್ಲಿ ನೆನೆದ ಬೆರಳಿನ ಹಾಗೆ ಸುಕ್ಕುಗಟ್ಟಿ, ತನ್ನ ಜಾಗದಲ್ಲಿ ಕೂರದೆ ಹೊರಬಿತ್ತು. ಅದು ಹೊಸ ರಬ್ಬರು.

ಅವಳು ಒಳಗೆ ಹೋಗಿ ಎರಡು ಗಾಜಿನ ಲೋಟಗಳಲ್ಲಿ ನೀರು ತಂದಳು. ಕಪಾಟಿನಲ್ಲಿ ಗಂಡ ಉಳಿಸಿಟ್ಟಿದ್ದ ಅರ್ಧ ಡಬ್ಬಿ ಬ್ರೇಕ್ ಆಯಿಲು ಇತ್ತು. ಗಾಡಿಗೆ ತುಂಬಿದ್ದು ಅದೇ ಡಬ್ಬಿಯಿಂದ. ಅದರಿಂದ ಒಂದು ಚಮಚ ಮೊದಲ ಲೋಟಕ್ಕೆ ಬಿಟ್ಟಳು. ಹೆಸರಿಗೆ ಆಯಿಲು, ಆದರೆ ಎಣ್ಣೆಯ ಜಾತಿಯಲ್ಲ. ಸಕ್ಕರೆ ಕರಗಿದ ಹಾಗೆ ನೀರಲ್ಲಿ ಕರಗಿಹೋಯಿತು.

ಬಟ್ಟಲಿನದನ್ನು ಎರಡನೇ ಲೋಟಕ್ಕೆ ಬಿಟ್ಟಳು.

ಒಂದಿಷ್ಟು ಕರಗಿತು. ಉಳಿದದ್ದು ಕರಗಲಿಲ್ಲ. ನೀರಿನ ಮೇಲೆ ದುಂಡಗೆ, ಹಳದಿಯಾಗಿ, ಏನೂ ಅರಿಯದ ಮುಗ್ಧನಂತೆ ತೇಲಿತು.

"ಎಣ್ಣೆ" ಅಂದಳು ಅತ್ತೆ. ಅಷ್ಟು ತಿಳಿಯಲು ರಸಾಯನಶಾಸ್ತ್ರ ಬೇಕಿರಲಿಲ್ಲ.

"ಯಂತ್ರಕ್ಕೆ ಹಾಕೋ ಎಣ್ಣೆ. ಇದು ತಾಗಿದ್ರೆ ಬ್ರೇಕಿನ ರಬ್ಬರು ಊದಿಕೊಳ್ಳುತ್ತೆ. ಒಂದೇ ದಿನಕ್ಕಲ್ಲ, ದಿನಾ ಸ್ವಲ್ಪ ಸ್ವಲ್ಪ. ಆಯಿಲು ವಾಪಸ್ ಬರೋ ತೂತು ಸೂಜಿಮೊನೆಯಷ್ಟು. ರಬ್ಬರು ಊದಿ ಅದನ್ನ ಮುಚ್ಚಿದೆ. ನಿಮ್ಮ ಮಗ ಹಾಕಿದ್ದಲ್ಲ ಅತ್ತೆ. ಅವರು ಮುಚ್ಚಿ ಗುರುತು ಹಾಕಿದ ಮೇಲೆ ಯಾರೋ ತೆಗೆದು ಹಾಕಿದ್ದಾರೆ."

ಅತ್ತೆ ಲೋಟವನ್ನು ಬೆಳಕಿಗೆ ಎತ್ತಿ ನೋಡಿ ಕೆಳಗಿಟ್ಟಳು. ಆಮೇಲೆ ಕೈ ಚಾಚಿದಳು. "ಕೀಲಿ ಕೊಡು."

"ಅತ್ತೆ?"

"ಇದು ಪೊಲೀಸರು ನೋಡಬೇಕಾದ್ದು. ಅವರು ಬರೋವರೆಗೂ ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಒಂದು ನರಪಿಳ್ಳೆ ಒಳಗೆ ಬರಲ್ಲ. ನೀನು ಹೋಗು. ಸುಳ್ಳು ಬರೆದವನ ಮುಖಕ್ಕೆ ಉಗಿದು ಬಾ."

ಅವಳು ಲೋಟಗಳನ್ನು ಬೆಂಚಿನ ಮೇಲೆ ಹಾಗೇ ಬಿಟ್ಟು, ಬಾಗಿಲು ಹಾಕಿ ಕೀಲಿ ಕೊಟ್ಟಳು. ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಸೊಸೆ ಸ್ಪ್ಯಾನರನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು.

ಗ್ಯಾರೇಜು ಮುಖ್ಯರಸ್ತೆಯಲ್ಲಿ. ಸೋಡಾಬುಡ್ಡಿ ಒಂದು ಕಾರಿನ ಕೆಳಗಿದ್ದ. ದೊಡ್ಡ ಚಪ್ಪಲಿಯ ಟಪಟಪ ಕೇಳಿ ಹೊರಗೆ ಜಾರಿ ಬಂದ. ಆ ಸದ್ದು ಅವನಿಗೆ ಗುರುತಿತ್ತು. ಕನ್ನಡಕದ ಹಿಂದೆ ಕಣ್ಣು ಒಂದು ಕ್ಷಣ ಅಗಲವಾಯಿತು.

"ನೀನಾ ತಂಗೀ... ನೀನ್ಯಾಕೆ ಬರೋಕೆ ಹೋದೆ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ. ಕೂತ್ಕೋ."

"ಕೂರೋಕೆ ಬಂದಿಲ್ಲ ಅಣ್ಣ. ಗಾಡಿಯನ್ನ ನೀವು ನೋಡಿದಿರಾ?"

"ನೋಡ್ದೆ. ಠಾಣೆ ಹಿಂದೆ ನಿಲ್ಲಿಸಿದ್ರಲ್ಲ, ಅಲ್ಲಿ."

"ಹಿಂದಿನ ಎಡ ಚಕ್ರದ ತಿರುಪು ಸಡಿಲ ಇತ್ತಾ?"

"ಇತ್ತು. ಅದನ್ನೆಲ್ಲ ಈಗ ಯಾಕೆ ಕೆದಕ್ತೀಯಾ ತಾಯಿ?"

"ಕೈಯಲ್ಲಿ ಮುಟ್ಟಿ ನೋಡಿದಿರಾ?"

"ಕೈಯಲ್ಲಿ ಎಲ್ಲಿ ಗೊತ್ತಾಗುತ್ತೆ? ಸ್ಪ್ಯಾನರ್ ಹಾಕಿ ನೋಡಿದೆ. ಗಿರಗಿರ ತಿರುಗ್ತು."

ಗೋಡೆಯ ಮೇಲೆ ಅವನ ಸಲಕರಣೆಗಳ ಹಲಗೆ. ಒಂದೊಂದು ಸಲಕರಣೆಯ ಹಿಂದೆಯೂ ಅದರದೇ ಆಕಾರ ಬಿಳಿ ಬಣ್ಣದಲ್ಲಿ. ಯಾವುದು ಹೋಗಿದೆ, ಯಾವುದು ಬಂದಿದೆ, ದೂರದಿಂದಲೇ ಕಾಣುತ್ತದೆ. ಎಲ್ಲ ಜಾಗಗಳೂ ತುಂಬಿದ್ದವು, ಕೆಳಸಾಲಿನ ಒಂದು ಸಣ್ಣ ಬಿಳಿ ನೆರಳನ್ನು ಬಿಟ್ಟು.

ಅವಳು ಮುಷ್ಟಿ ಬಿಚ್ಚಿದಳು.

"ಯಾವ ಸ್ಪ್ಯಾನರ್ ಅಣ್ಣ? ಆ ತಿರುಪಿಗೆ ಆಗೋದು ಇದೊಂದೇ. ನಿಮ್ಮ ಹತ್ತಿರ ಇದ್ದದ್ದೂ ಇದೊಂದೇ. ಗಾಡಿ ಠಾಣೆ ಹಿಂದೆ ಇದ್ದಾಗ ಇದು ನಮ್ಮ ಶೆಡ್ಡಿನ ಮೊಳೆಯಲ್ಲಿ ನೇತಾಡ್ತಿತ್ತು, ಶೆಡ್ಡಿಗೆ ಬೀಗ ಇತ್ತು, ಕೀಲಿ ನನ್ನ ಸೊಂಟದಲ್ಲಿತ್ತು."

ಸೋಡಾಬುಡ್ಡಿ ಕನ್ನಡಕ ತೆಗೆದ. ಅಂಗಿಯ ಅಂಚಿನಿಂದ ಒರೆಸಿದ. ಅಂಗಿಯಲ್ಲಿದ್ದ ಗ್ರೀಸು ಗಾಜಿಗೆ ಹತ್ತಿತು. ಅದನ್ನೇ ಮತ್ತೆ ಹಾಕಿಕೊಂಡ.

"ನೀವು ಗಾಡಿ ಮುಟ್ಟಲೇ ಇಲ್ಲ" ಅಂದಳು. ಧ್ವನಿ ಏರಿಸಲಿಲ್ಲ, ಆದರೆ ಪಕ್ಕದ ಟೈರಿನ ಅಂಗಡಿಯವನು ಕೆಲಸ ನಿಲ್ಲಿಸಿದ. "ಗೋಡೆಯಾಚೆಯಿಂದ ಇಣುಕಿ ನೋಡಿ ಬರೆದ್ರಿ. ವಾರದಲ್ಲಿ ಮೂರು ಸಂಜೆ ನಿಮ್ಮ ಜೊತೆ ಕೂತು ಟೀ ಕುಡಿದವರು. ಒಂದು ನಟ್ಟು ಬಿಗಿದ್ರೂ ಗುರುತು ಹಾಕೋರು. ಈ ಹಲಗೆ ಮೇಲೆ ಬಿಳಿ ಬಣ್ಣ ಬಳಿದುಕೊಟ್ಟೋರು ಯಾರು ಹೇಳಿ?"

"ಅವನೇ" ಅಂದ ಸೋಡಾಬುಡ್ಡಿ ಮೆಲ್ಲಗೆ.

"ಅವರನ್ನ ಅಜಾಗರೂಕ ಅಂತ ಬರೆಯೋವಾಗ ಕೈ ನಡುಗಲಿಲ್ವಾ? ಸತ್ತವರು ಎದ್ದು ಬಂದು ಅಲ್ಲ ಅನ್ನೋಲ್ಲ ಅನ್ನೋ ಧೈರ್ಯ ಅಲ್ವಾ? ನಾನು ಬಂದಿದ್ದೀನಿ. ಅಲ್ಲ ಅಂತಿದ್ದೀನಿ. ಗೆರೆ ಮುರಿದಿಲ್ಲ. ಆಯಿಲು ಸೋರಿಲ್ಲ. ಬ್ರೇಕ್ ಆಯಿಲಿಗೆ ಯಾರೋ ಎಣ್ಣೆ ಬೆರೆಸಿದ್ದಾರೆ. ನೀವು ಒಂದು ಸಲ ಮುಚ್ಚಳ ತೆಗೆದಿದ್ರೆ ಸಾಕಿತ್ತು, ನಿಮಗೂ ಕಾಣ್ತಿತ್ತು."

"ಎಣ್ಣೆನಾ?" ಅವನು ನಿಂತಲ್ಲೇ ತಡವರಿಸಿ, ಕಾರಿನ ಬಾಗಿಲು ಹಿಡಿದುಕೊಂಡ. "ದೇವರಾಣೆ ನನಗೆ ಗೊತ್ತಿಲ್ಲ ತಂಗೀ. ಅವನ ಗಾಡಿಯ ಆ ಸ್ಥಿತಿ ನೋಡಿ ನನಗೆ ಹತ್ತಿರ ಹೋಗೋಕಾಗಲಿಲ್ಲ. ದೂರ ನಿಂತಿದ್ದೆ. ಆಗ ಮನೆಯವರೇ ಬಂದು ಹೇಳಿದ್ರು. ತಿರುಪು ಸಡಿಲ ಇತ್ತಂತೆ, ಹಾಗೇ ಬರೆದುಬಿಡು, ಎಳೆದಾಡಿದ್ರೆ ಆ ಹುಡುಗಿಗೇ ಕಷ್ಟ, ಠಾಣೆ ಮೆಟ್ಟಿಲು ಹತ್ತಿಸಬೇಕಾಗುತ್ತೆ ಅಂತ. ನಿನಗೆ ಒಳ್ಳೇದಾಗಲಿ ಅಂತಲೇ..."

"ಯಾವ ಮನೆಯವರು?"

"ನಿಮ್ಮ ಭಾವ."

ಭಾವನಿಗೆ ಎಲ್ಲದರಲ್ಲೂ ಅವಸರ. ಮದುವೆಯ ಊಟದಲ್ಲೂ ಅವನದೇ ಮೊದಲ ಪಂಕ್ತಿ. ತಮ್ಮನ ಸಾವನ್ನೂ ಬೇಗ ಮುಗಿಸಿ ಕೈತೊಳೆಯಬೇಕೆನ್ನಿಸಿರಬಹುದು. ಅಸಹ್ಯ, ಆದರೆ ಅವನಿಂದ ಅಷ್ಟನ್ನು ನಿರೀಕ್ಷಿಸಬಹುದಿತ್ತು.

"ಬರೆದದ್ದನ್ನ ನೀವೇ ವಾಪಸ್ ತಗೋತೀರಿ" ಅಂದಳು. "ಈಗ ನನ್ನ ಜೊತೆ ಠಾಣೆಗೆ ಬಂದು, ನೋಡದೆ ಬರೆದೆ ಅಂತ ಬಾಯಿಬಿಟ್ಟು ಹೇಳ್ತೀರಿ."

"ಹೇಳ್ತೀನಿ." ಅವನ ಕಣ್ಣಲ್ಲಿ ನೀರಿತ್ತೋ ಗ್ರೀಸಿನ ಮಬ್ಬೋ ತಿಳಿಯಲಿಲ್ಲ. "ಅವನ ಹೆಸರು ನಾನೇ ಕೆಡಿಸಿದೆ, ನಾನೇ ತೊಳೀತೀನಿ. ನಡಿ."

ಅವಳು ಸ್ಪ್ಯಾನರ್ ಚಾಚಿದಳು. "ಇದನ್ನ ತಗೊಳ್ಳಿ. ಅವರಿಗೆ ಎರವಲು ಉಳಿಸ್ಕೊಳ್ಳೋದು ಇಷ್ಟ ಇರಲಿಲ್ಲ."

ಅವನು ಎರಡೂ ಕೈಯಲ್ಲಿ ಇಸಿದುಕೊಂಡು, ಹಲಗೆಯ ಬಳಿ ಹೋಗಿ ಅದರ ಬಿಳಿ ನೆರಳಿನ ಮೇಲೆ ನೇತುಹಾಕಿದ. ಅದು ಸರಿಯಾಗಿ ಕೂತಿತು. ಹಲಗೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅಭ್ಯಾಸಬಲದಿಂದ ಪಕ್ಕದ ಕಪಾಟಿನ ಕಡೆಗೂ ಕಣ್ಣು ಹಾಯಿಸಿದ.

"ಇದು ಬಂತು. ಆ ಡಬ್ಬಿ ಆಮೇಲೆ ಯಾವಾಗಲಾದ್ರೂ ಕಳಿಸು, ಅವಸರ ಇಲ್ಲ."

"ಯಾವ ಡಬ್ಬಿ?"

"ಜ್ಯಾಕಿಗೆ ಹಾಕೋ ಎಣ್ಣೆ ಡಬ್ಬಿ. ಬ್ರೇಕಿನ ಕೆಲಸ ಮುಗೀತು ಅಂತ ಅವನು ಹೇಳಿದ ಮಾರನೇ ದಿನ ತರಿಸ್ಕೊಂಡನಲ್ಲ. ತಮ್ಮನ ಜ್ಯಾಕು ಕೆಳಗಿಳೀತಿದೆಯಂತೆ, ಎಣ್ಣೆ ಬೇಕಂತೆ ಅಂತ ನಿಮ್ಮ ಭಾವನೇ ಬಂದು ತಗೊಂಡು ಹೋದ್ರು."

ರಸ್ತೆಯಲ್ಲಿ ಯಾವುದೋ ಬಸ್ಸು ಹಾರ್ನು ಹೊಡೆಯುತ್ತಾ ಹೋಯಿತು. ಅವಳಿಗೆ ಅದು ದೂರದಲ್ಲೆಲ್ಲೋ ಕೇಳಿಸಿತು.

ಬೇರೆಯವರಿಂದ ತಂದದ್ದೆಲ್ಲ ಮೊಳೆಗೆ, ಇಲ್ಲವೇ ಮೊಳೆಯ ಕೆಳಗೆ. ಐದು ನಿಮಿಷಕ್ಕಾದರೂ ಅಲ್ಲೇ. ಅಲ್ಲಿ ಸ್ಪ್ಯಾನರ್ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಡಬ್ಬಿ ಗಂಡನ ಕೈಗೆ ಬಂದೇ ಇರಲಿಲ್ಲ. ಓಡುವ ಗಾಡಿ ಎಂದು ತಾನೇ ಅವನು ಕೊಡದೆ ಇದ್ದದ್ದು, ಓಡದಂತಾದರೆ ಹೋಟೆಲಿನವನಿಗೆ ಭಾವ ಕೊಟ್ಟ ಮಾತು ಉಳಿಯುತ್ತಿತ್ತು.

"ಅವರ ಜ್ಯಾಕಿಗೆ ಎಣ್ಣೆಯೇ ಬೇಡ ಅಣ್ಣ" ಅಂದಳು. "ಅದು ತಿರುಪಿನ ಜ್ಯಾಕು."

ಸೋಡಾಬುಡ್ಡಿಯ ಕೈ ಹಲಗೆಯ ಮೇಲೆಯೇ ನಿಂತಿತು.

ಅವಳ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕೀಲಿ ಅಲ್ಲಿರಲಿಲ್ಲ. ಅದು ಅತ್ತೆಯ ಸೆರಗಿನ ಗಂಟಿನಲ್ಲಿತ್ತು. ಒಂದು ನರಪಿಳ್ಳೆಯನ್ನೂ ಒಳಗೆ ಬಿಡುವುದಿಲ್ಲ ಎಂದಿದ್ದಳು ಅತ್ತೆ, ಬಿಡುವುದೂ ಇಲ್ಲ. ಆದರೆ ಊಟಕ್ಕೆ ಬಂದ ಹಿರಿಮಗ ಅವಳ ಲೆಕ್ಕದಲ್ಲಿ ಹೊರಗಿನವನಲ್ಲ. ಅವನು ಕೇಳುವ ಮೊದಲೇ ಅವಳು ಎಲ್ಲವನ್ನೂ ಹೇಳುತ್ತಾಳೆ. ಚಕ್ರ ಹೇಗೆ ಕಚ್ಚಿಕೊಂಡಿತು, ಎಣ್ಣೆ ಹೇಗೆ ತೇಲಿತು, ನಿನ್ನ ತಮ್ಮನ ತಪ್ಪಿಲ್ಲ ಕಣೋ, ಬಾ ತೋರಿಸ್ತೀನಿ ಎಂದು ತಾನೇ ಎದ್ದು ಗಂಟು ಬಿಚ್ಚುತ್ತಾಳೆ.

ಗ್ಯಾರೇಜಿನ ಗೋಡೆ ಗಡಿಯಾರದಲ್ಲಿ ಊಟದ ಹೊತ್ತು ಆಗಲೇ ಮೀರಿತ್ತು. ಎರಡು ಲೋಟಗಳೂ ಶೆಡ್ಡಿನ ಬೆಂಚಿನ ಮೇಲೆಯೇ ಇದ್ದವು.